ಆಕಳು ಕರುವಿನ ಕಲ್ಲು

ದಾನವ್ವ ಸತ್ಯ ಹೇಳಿ ಸೋತಳು. ಪರಪ್ಪನ ಮನಸ್ಸಿನಲ್ಲಿ ಎಲ್ಲವೂ ಮೊದಲಾದದ್ದು ಅಲ್ಲಿಂದ. ಮುಂದೆ ಅವನು ಮಾಡಿದ್ದು ತಪ್ಪೇ ಇರಬಹುದು. ಆದರೆ ಅದು ಸಿಟ್ಟಿನ ಭರದಲ್ಲಿ ಮಾಡಿದ್ದಲ್ಲ; ಕೂಡಿ, ಕಳೆದು, ತಾಳೆ ನೋಡಿ ಮಾಡಿದ್ದು.

ಮಲಾಡಿನ ಪೂರ್ವಕ್ಕೆ, ಹೆದ್ದಾರಿಯಾಚೆ, ಬಸ್ತಿಯ ಕೊನೆಯ ಸಾಲು ಮನೆಗಳ ಬೆನ್ನಿಗೆ ಒಂದು ಗುಡ್ಡವಿತ್ತು. ಕಲ್ಲುಗಣಿ ಇದ್ದುದರಿಂದ ಅದಕ್ಕೆ ಎಲ್ಲರೂ ಖದಾನ್ ಎನ್ನುತ್ತಿದ್ದರು. ಅರ್ಧ ಗುಡ್ಡವನ್ನು ನಗರ ಎಂದೋ ತಿಂದು ಮುಗಿಸಿತ್ತು. ವಿಜಯಪುರದ ಕಡೆಯಿಂದ ಬಂದ ಕಲ್ಲುಕುಟಿಗರು ಒಡೆದರು, ಲಾರಿಗಳು ಹೊತ್ತವು, ಕಲ್ಲು ಖಡಿಯಾಯಿತು, ಖಡಿ ರಸ್ತೆಯಾಯಿತು, ಕಂಡವರ ಮನೆಗಳ ಬುನಾದಿಯಾಯಿತು. ನ್ಯಾಯಾಲಯ ಗಣಿಯನ್ನು ಮುಚ್ಚಿಸಿದಾಗ ಉಳಿದದ್ದು ಇನ್ನರ್ಧ ಗುಡ್ಡ, ಮಳೆನೀರು ತುಂಬಿದ ಆಳವಾದ ಹೊಂಡ, ಮತ್ತು ಗುಡ್ಡದ ನಡುವಿನಲ್ಲಿ ಚಾಪೆ ಹಾಸಿದಂತಿದ್ದ ಒಂದು ಸಮತಟ್ಟು.

ಆ ಸಮತಟ್ಟಿನಲ್ಲಿ ಬಸ್ತಿಯ ಮಕ್ಕಳು ಮಲಗಿದ್ದವು. ಜ್ವರ ಬಂದು ಹೋದವು, ಹುಟ್ಟುತ್ತಲೇ ಹೋದವು, ಹೊಂಡಕ್ಕೆ ಜಾರಿದವು. ಮಕ್ಕಳನ್ನು ಸುಡುವ ರೂಢಿ ಅವರಲ್ಲಿಲ್ಲ. ಹೂಳಲು ಪರವೂರಿನವರಿಗೆ ಬೇರೆ ನೆಲವಿರಲಿಲ್ಲ. ಪ್ರತಿ ಗುಂಡಿಯ ಮೇಲೆ ಆ ಗುಡ್ಡದ್ದೇ ಒಂದು ಗುಂಡುಕಲ್ಲು. ಅವುಗಳಲ್ಲೊಂದು ಶೈಲಾಳದು. ಪರಪ್ಪ ದಾನವ್ವರಿಗೆ ಇದ್ದವಳು ಅವಳೊಬ್ಬಳೇ. ಒಂದು ಶ್ರಾವಣದಲ್ಲಿ ಆರು ವರ್ಷದ ಆ ಹುಡುಗಿ ಹೊಂಡದ ಅಂಚಿನಲ್ಲಿ ಹೂ ಕೀಳಲು ಹೋಗಿ ತಿರುಗಿ ಬರಲಿಲ್ಲ.

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ಅವರ ಸೀಮೆಯ ಪದ್ಧತಿ. ಖದಾನಿನಲ್ಲಿ ತವರೇ ಎದ್ದು ಮಕ್ಕಳ ಬಳಿಗೆ ಹೋಗುತ್ತಿತ್ತು. ಆ ದಿನ ತಾಯಂದಿರು ಶೇಂಗಾದುಂಡಿ, ಎಳ್ಳುಂಡಿ ಕಟ್ಟಿಕೊಂಡು, ಹಾಲಿನ ತಂಬಿಗೆ ಹಿಡಿದು ಗುಡ್ಡ ಏರುತ್ತಿದ್ದರು. ಕಲ್ಲಿಗೆ ಹಾಲೆರೆದು, ಉಂಡಿ ಇಟ್ಟು, ಜೋಕಾಲಿಯ ಹಾಡು ಹೇಳಿ ಇಳಿಯುತ್ತಿದ್ದರು. ಜೋಕಾಲಿ ಮಾತ್ರ ಎಲ್ಲಿಯೂ ಕಟ್ಟಿರುತ್ತಿರಲಿಲ್ಲ.

ಆ ಗುಡ್ಡವನ್ನು ಈಗ ಒಂದು ಕಂಪನಿ ಕೇಳಿತ್ತು. ಹೊಸ ಸೇತುವೆಗಳಿಗೆ ಖಡಿ ಬೇಕು. ದೂರದಿಂದ ಸಾಗಿಸುವುದಕ್ಕಿಂತ ಪಕ್ಕದಲ್ಲಿ ಒಡೆಯುವುದು ಅಗ್ಗ. ಸರ್ಕಾರ ಆಕ್ಷೇಪಗಳನ್ನು ಕೇಳುವ ಸಭೆ ಕರೆಯಿತು. ಹೆಂಗಸರು ಅರ್ಜಿ ಕೊಟ್ಟರು, ಅವರ ಪರವಾಗಿ ದಾನವ್ವ ಎದ್ದು ನಿಂತಳು. ಅವಳ ಮಾತನ್ನು ಹಿಂದಿಗೆ ತಿರುಗಿಸಲು ಕಂಪನಿಯೇ ಶ್ರೀಮಂತ ಎಂಬವನನ್ನು ಒದಗಿಸಿತ್ತು. ಅವನು ಅದೇ ಬಸ್ತಿಯಲ್ಲಿ ಬೆಳೆದವನು. ಈಗ ಕಂಪನಿಗೂ ಜನರಿಗೂ ನಡುವಿನ ಮಾತುಗಾರ, ಇಸ್ತ್ರಿ ಮಾಡಿದ ಅಂಗಿಯವನು.

"ಕಿತನಾ ಪುರಾನಾ ಹೈ, ಬಾಯಿ?" ಆ ಜಾಗ ಎಷ್ಟು ಹಳೆಯದೆಂದು ಅಧಿಕಾರಿ ಕೇಳಿದ.

"ಸಾಹೇಬ್ರ, ನನ್ನ ಮಗಳು ಇದ್ದಿದ್ರ ಈಗ ಆಕಿ ಮಗಳಿಗೆ ವರಾ ನೋಡ್ತಿದ್ಲು," ಎಂದಳು ದಾನವ್ವ. "ಅಷ್ಟ ಹಳೇದು."

ಶ್ರೀಮಂತ ಅದನ್ನು ಮೂವತ್ತು ಮೂವತ್ತೈದು ವರ್ಷವೆಂದು ಹಿಂದಿಗೆ ತಿರುಗಿಸಿದ. "ತೀಸ್ ಪೈಂತೀಸ್ ಸಾಲ್, ಸರ್."

ಅಧಿಕಾರಿ ಕೆಟ್ಟವನಲ್ಲ, ಕನ್ನಡಕ ತೆಗೆದು ಒರೆಸಿದ. ನೆನಪು ಬೇರೆ, ಪರಂಪರೆ ಬೇರೆ ಎಂದು ಮೆತ್ತಗೆ ತಿಳಿಸಿದ. ಹೆಂಗಸರ ಅರ್ಜಿಯನ್ನು ವಿಚಾರಣೆಗೆ ಇಟ್ಟುಕೊಂಡಿದ್ದೇವೆ, ಮಳೆಗಾಲ ಮುಗಿದ ಮೇಲೆ ಪುರಾತತ್ವದವರು ಬಂದು ಗುಡ್ಡ ನೋಡಲಿ, ನಿಜವಾಗಿಯೂ ಹಳೆಯದೇನಾದರೂ ಇದ್ದರೆ ಅದು ಬೇರೆ ಮಾತು ಎಂದು ಹೇಳಿ ಸಭೆ ಮುಗಿಸಿದ. ವಿಚಾರಣೆಗೆ ಇಟ್ಟುಕೊಳ್ಳುವುದೆಂದರೆ ಮೂಲೆಗೆ ಇಡುವುದೆಂದು ಪರಪ್ಪ ಅರ್ಥ ಮಾಡಿಕೊಂಡ. ಅವನ ಆಯುಷ್ಯದಲ್ಲಿ ಆ ಮಾತಿಗೆ ಬೇರೆ ಅರ್ಥ ಬಂದದ್ದಿರಲಿಲ್ಲ.

ಮರಳುವಾಗ ಬಸ್ಸಿನಲ್ಲಿ ದಾನವ್ವ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದಳು.

"ನಾ ಏನರ ತಪ್ಪ್ ಮಾತಾಡಿದ್ನೇನು?"

"ಇಲ್ಲ."

"ಮತ್ತ ಆ ಸಾಹೇಬ ಕಣ್ಣ ಯಾಕ ಕೆಳಗ ಹಾಕಿದ?" ಕಿಟಕಿಯ ಸರಳು ಹಿಡಿದುಕೊಂಡು ಅವಳೇ ಅಂದಳು: "ಬರೂ ವರ್ಷ ಪಂಚಮಿ ಉಂಡಿ ಎಲ್ಲಿಗೆ ಒಯ್ಯೂದು, ಅದನ್ನರ ಹೇಳು."

ಪರಪ್ಪ ಬಸ್ಸಿನ ಚೀಟಿಯನ್ನು ಮಡಚಿ ಜೇಬಿಗೆ ಇಟ್ಟ. ಇಲ್ಲದ್ದನ್ನು ಇದೆ ಎನ್ನುವ ಅಭ್ಯಾಸ ಆಗಿನ್ನೂ ಅವನಿಗೆ ಆಗಿರಲಿಲ್ಲ.

ಖದಾನಿನಲ್ಲಿ ಕಲ್ಲು ಒಡೆಯುತ್ತಿದ್ದ ಪರಪ್ಪ ಅದು ಮುಚ್ಚಿದ ಮೇಲೆ ಅಡುಗೆಮನೆಗಳಲ್ಲಿ ಗ್ರಾನೈಟ್ ಕಟ್ಟೆ ಕೂಡಿಸುವ ಕೆಲಸಕ್ಕೆ ಇಳಿದಿದ್ದ. ಸಯನ್, ವಡಾಲ, ಮಾಟುಂಗಾದ ಕನ್ನಡ ಮನೆಗಳಲ್ಲಿ ಅವನಿಗೆ ಹೆಸರಿತ್ತು. ಅವನು ಕೂಡಿಸಿದ ಕಟ್ಟೆಯ ಸಂದಿಗೆ ಸಾಸಿವೆ ಬಿದ್ದರೂ ಒಳಗೆ ಇಳಿಯದು ಎನ್ನುತ್ತಿದ್ದರು. ಸಭೆ ನಡೆದ ವಾರದಲ್ಲಿ ಅವನು ಸಯನ್ನಿನ ಒಂದು ಹಳೆಯ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ. ಮನೆಯ ಯಜಮಾನ ಧಾರವಾಡದ ಬಸವಂತರಾಯರು, ನಿವೃತ್ತರು. ಕುರ್ಚಿ ಹಾಕಿಕೊಂಡು ಕೆಲಸ ನೋಡುತ್ತ ಮಾತಾಡುವುದು ಅವರಿಗೆ ಇಷ್ಟ.

"ಕಟ್ಟಿ ಹೊಸಾದು ಮಾಡಸ್ತೀನಿ, ಖರೆ," ಎಂದರು ರಾಯರು. "ಆದ್ರ ಮ್ಯಾಲಿನ ಛತ್ತ ದಿನಾ ಉದರತೈತಿ. ಬಿಲ್ಡಿಂಗ ಕೆಡವಿ ಹೊಸಾದು ಕಟ್ಟೋಣು ಅಂದ್ರ ಪರವಾನಗಿ ಕೊಡವಲ್ರು. ಯಾಕ? ಅಲ್ಲಿ ಗುಡ್ಡದ ಮ್ಯಾಲ ಹಳೇ ಕಾಲದ ಮುರಕ ಕೋಟಿ ಒಂದ ಐತಿ ನೋಡು, ಅದಕ್ಕ."

"ಕೋಟಿ ಏನ್ ಮಾಡತೈತ್ರಿ?"

"ಅದೇನೂ ಮಾಡೂದಿಲ್ಲ, ಅದರ ಸುತ್ತ ನಾವೂ ಏನೂ ಮಾಡೂಹಂಗಿಲ್ಲ. ನೂರು ಮೀಟರ್ ಒಳಗ ಗುದ್ದಲಿ ಮುಟ್ಟಸೂಹಂಗಿಲ್ಲ ಅಂತ ಕಾಯ್ದೆ."

"ಕಲ್ಲಿಗೆ ಅಷ್ಟ ಅಧಿಕಾರ ಐತೇನ್ರಿ?"

"ಹಳೇ ಕಲ್ಲಿಗೆ ಐತಪಾ," ಎಂದು ರಾಯರು ನಕ್ಕರು. "ಹಳೇ ಮನಷ್ಯಾಗ ಇಲ್ಲ."

ಆ ಸಂಜೆ ಪರಪ್ಪ ದಾದರಿನಲ್ಲಿ ಗಾಡಿ ಬದಲಿಸಿದ್ದು, ಮಲಾಡಿನಲ್ಲಿ ಇಳಿದದ್ದು ಅವನಿಗೆ ನೆನಪಿನಲ್ಲಿ ಉಳಿಯಲಿಲ್ಲ. ಜನರ ನೂಕಿನಲ್ಲಿ ಸಿಕ್ಕಿ ನಿಂತು ಅವನು ಒಂದು ಸರಳವಾದ ಲೆಕ್ಕ ಬಿಡಿಸುತ್ತಿದ್ದ. ಗುಡ್ಡ ಲೋಕ ಹುಟ್ಟಿದಾಗಿನಿಂದ ಇದೆ, ಅದು ಪರಂಪರೆಯಲ್ಲ. ಮಗಳು ಮೂವತ್ತು ಚಿಲ್ಲರೆ ವರ್ಷದಿಂದ ಅಲ್ಲಿದ್ದಾಳೆ, ಅದೂ ಅಲ್ಲ. ಮನುಷ್ಯನ ಕೈ ಮುಟ್ಟಿರಬೇಕು, ಮುಟ್ಟಿದ ಕೈ ಯಾರದೆಂದು ಯಾರಿಗೂ ಗೊತ್ತಿರಬಾರದು. ಇಷ್ಟೇ ಅವರು ಕೇಳುವುದು. ಕೈ ತನ್ನ ಬಳಿ ಇತ್ತು. ಹಳತನವೂ ಒಂದು ಕೆಲಸವೇ. ಕಲಿತರೆ ಅದನ್ನೂ ಮಾಡಬಹುದು.

ಏನು ಕೆತ್ತಬೇಕೆಂಬುದು ಅವನಿಗೆ ಆಗಲೇ ಗೊತ್ತಿತ್ತು. ಅವನ ಅಜ್ಜನ ಊರಿನ ಕೆರೆಯ ಮೇಲೆ ಒಂದು ಕಲ್ಲಿತ್ತು. ತುದಿಯಲ್ಲಿ ಸೂರ್ಯ ಚಂದ್ರ, ಕೆಳಗೆ ಆಕಳು, ಆಕಳ ಕೆಚ್ಚಲಿಗೆ ಬಾಯಿ ಹಚ್ಚಿದ ಕರು. ಯಾವ ಕಾಲದಲ್ಲೋ ಯಾರೋ ದಾನ ಕೊಟ್ಟ ನೆಲದ ಗುರುತು. ಸೂರ್ಯ ಚಂದ್ರರಿರುವ ತನಕ ಈ ನೆಲ ಹೀಗೇ ಇರಲಿ, ಕರುವನ್ನು ಆಕಳಿಂದ ಬಿಡಿಸಿದವನ ಪಾಪ ಇದನ್ನು ಕೆಡಿಸಿದವನಿಗೆ ತಟ್ಟಲಿ ಎಂದು ಅಜ್ಜ ಅದರ ಅರ್ಥ ಹೇಳುತ್ತಿದ್ದ. ಅಂಥದೇ ಒಂದು ಕಲ್ಲು ಠಾಣೆಯಾಚೆಯ ಗದ್ದೆಯಲ್ಲಿ ಅರ್ಧ ಹೂತು ನಿಂತಿರುವುದನ್ನು ಪರಪ್ಪ ಕೆಲಸಕ್ಕೆ ಹೋದಾಗ ಕಂಡಿದ್ದ. ಹಾಗಾದರೆ ಈ ಕಡೆಯ ರಾಜರೂ ಆ ಭಾಷೆ ಬಲ್ಲವರೇ. ತನ್ನ ಕಲ್ಲು ಪರಕೀಯವೆನಿಸದು.

ಅಕ್ಷರ ಬೇಡವೆಂದು ಅವನು ಮೊದಲೇ ನಿರ್ಧರಿಸಿದ. ಬರೆದವನು ಸಿಕ್ಕಿಬೀಳುತ್ತಾನೆ, ಸುಮ್ಮನಿದ್ದ ಕಲ್ಲನ್ನು ಯಾರೂ ಸುಳ್ಳು ಹೇಳಿದೆ ಎನ್ನಲಾರರು. ಕಲ್ಲು ಬೇರೆ ಊರಿನದಾಗಬಾರದು, ಆ ಗುಡ್ಡದ್ದೇ ಆಗಬೇಕು. ಹೊಸದಾಗಿ ಸೀಳಿದ್ದಾಗಬಾರದು; ಬೆನ್ನ ಮೇಲೆ ಹಾವಸೆ ಹಿಡಿದು ಕಪ್ಪಾದ, ತಾನಾಗಿಯೇ ಬೇರ್ಪಟ್ಟ ಚಪ್ಪಡಿ ಬೇಕು. ಕೆತ್ತಿದ ಮುಖ ಮಣ್ಣಿನ ಕಡೆಗೆ ಬೋರಲಾಗಿ ಬಿದ್ದಿರಬೇಕು. ಆಗ ಮುಖದ ಮೇಲೆ ಹಾವಸೆ ಏಕಿಲ್ಲ ಎಂಬ ಪ್ರಶ್ನೆಗೆ ಮಣ್ಣೇ ಉತ್ತರ ಕೊಡುತ್ತದೆ. ಯಂತ್ರ ಮುಟ್ಟಬಾರದು. ಅಪ್ಪನ ಕಾಲದ ಉಳಿಗಳು ಹಳೆಯ ಗೋಣಿಚೀಲದಲ್ಲಿದ್ದವು. ಅವನ್ನು ಅವನೇ ಇದ್ದಿಲ ಒಲೆಯಲ್ಲಿ ಕಾಯಿಸಿ ಹದ ಮಾಡಿಕೊಂಡ.

ಮಳೆ ಹಿಡಿದ ಮೇಲೆ, ಪಂಚಮಿಯ ದಿನವೊಂದನ್ನು ಬಿಟ್ಟರೆ, ಖದಾನಿಗೆ ಯಾರೂ ಏರುತ್ತಿರಲಿಲ್ಲ. ಮೇಲ್ಗಡೆ, ಹಿಂದೆ ಸಿಡಿಮದ್ದು ಇಡುತ್ತಿದ್ದ ಕಲ್ಲಿನ ಕೋಣೆಯೊಂದು ಮಾಡು ಕಳೆದುಕೊಂಡು ನಿಂತಿತ್ತು. ಅದಕ್ಕೆ ನೀಲಿ ತಾಡಪತ್ರಿ ಹೊದಿಸಿ ಅವನು ಒಳಗೆ ಕುಳಿತ. ಕೆಳಗೆ ರಸ್ತೆಯಾಚೆ ಒಂದು ಗೋಪುರದಂಥ ಕಟ್ಟಡಕ್ಕೆ ದಿನವಿಡೀ ಕಂಬ ಬಡಿಯುತ್ತಿದ್ದರು. ಆ ಸದ್ದು ಬಿದ್ದಾಗ ಉಳಿಯ ಮೇಲೆ ಸುತ್ತಿಗೆ ಬೀಳಬೇಕು, ಅದು ನಿಂತಾಗ ಇವನ ಕೈಯೂ ನಿಲ್ಲಬೇಕು. ಹೀಗೆ ನಗರದ ಸದ್ದಿನ ಮಡಿಲಲ್ಲಿ ಅವನ ಸದ್ದು ಅಡಗಿತು. ಸಯನ್ನಿನಲ್ಲಿ ದೊಡ್ಡ ಕೆಲಸ ಸಿಕ್ಕಿದೆ ಎಂದು ಮನೆಯಲ್ಲಿ ಹೇಳಿದ್ದ. ಮೈಗೆ ಹತ್ತಿದ ಕಲ್ಲಿನ ಧೂಳಿಗೆ ದಾನವ್ವ ಕಾರಣ ಕೇಳಲಿಲ್ಲ. ಅವನ ಮೈಯಿಂದ ಧೂಳು ಹೋದದ್ದನ್ನು ಅವಳು ಕಂಡಿದ್ದಾದರೂ ಎಂದು?

ಸೂರ್ಯ ಚಂದ್ರ ಸುಲಭವಾಗಿ ಬಂದರು. ಆಕಳೂ ಬಂತು. ಕರುವಿನ ಹತ್ತಿರ ಕೈ ನಿಂತಿತು. ಕತ್ತು ಚಾಚಿ ತಾಯಿಯ ಹೊಟ್ಟೆಯ ಕೆಳಗೆ ತಲೆ ತೂರಿಸುವ ಆ ಬಾಗು ಅವನ ಉಳಿಗೆ ಗೊತ್ತಿತ್ತು. ಆದರೆ ಅದನ್ನು ಪೂರ್ತಿ ತೋರಿಸಿದರೆ ಅದು ಈಗಿನ ಕರುವಾಗುತ್ತದೆ, ಇವತ್ತು ಬೆಳಗ್ಗೆ ಹುಟ್ಟಿದ್ದಾಗುತ್ತದೆ. ಅವನು ಮೊದಲು ಅದನ್ನು ತನಗೆ ಬೇಕಾದಂತೆ ಕೆತ್ತಿದ. ಕಿವಿ, ಮೂಗಿನ ಹೊಳ್ಳೆ, ಮಂಡಿಯೂರಿದ ಮುಂಗಾಲು, ಒಂದನ್ನೂ ಬಿಡಲಿಲ್ಲ. ಆಮೇಲೆ ಮರಳು, ನೀರು, ಒದ್ದೆ ಗೋಣಿ ತೆಗೆದುಕೊಂಡು ಅಳಿಸಲು ಕುಳಿತ. ಕೆತ್ತಿದ್ದಕ್ಕಿಂತ ಅಳಿಸಿದ್ದೇ ಹೆಚ್ಚು ದಿನ ಹಿಡಿಯಿತು. ಹೊಳ್ಳೆ ಹೋಯಿತು, ಕಿವಿ ಹೋಯಿತು. ಕೊನೆಗೆ ಉಳಿದದ್ದು ಒಂದು ದೊಡ್ಡ ನೆರಳಿಗೆ ಒರಗಿದ ಒಂದು ಸಣ್ಣ ನೆರಳು. ಹಳತನವೆಂದರೆ ಇಷ್ಟೇ ಎಂದು ಅವನಿಗೆ ಅನಿಸಿತು: ಇದ್ದದ್ದು ಯಾವುದೆಂದು ಗೊತ್ತಾಗಬೇಕು, ಯಾರದೆಂದು ಗೊತ್ತಾಗಬಾರದು. ಅವನು ಮುಖ ತೊಳೆದುಕೊಂಡು ಉಳಿಗಳನ್ನು ಹೊಂಡಕ್ಕೆ ಎಸೆದ.

ಗುಡ್ಡದ ಕೆಂಪು ನೀರು ಹರಿಯುವ ಕಾಲುವೆಯಲ್ಲಿ ಕಲ್ಲನ್ನು ಆ ಮಳೆಗಾಲದ ಉಳಿದ ಭಾಗ ನೆನೆಯಲು ಬಿಟ್ಟ. ಹುಳಿ ಮಜ್ಜಿಗೆ, ಸಗಣಿ, ಬೆಲ್ಲದ ನೀರು, ಅದಕ್ಕೆ ಸಲ್ಲಬೇಕಾದ ಉಪಚಾರಗಳೆಲ್ಲವೂ ಸಂದವು. ಭಾದ್ರಪದ ಕಳೆಯುವಷ್ಟರಲ್ಲಿ ಉಳಿಯ ಗೆರೆಗಳಲ್ಲಿ ಬಿಳುಪು ಉಳಿಯಲಿಲ್ಲ. ಹಾರೆ ಮೀಟಿ, ಕೆಳಗೆ ದುಂಡನೆಯ ಕೋಲುಗಳನ್ನು ಕೊಟ್ಟು, ಅವನು ಒಬ್ಬನೇ ಅದನ್ನು ಸಮತಟ್ಟಿನ ನಡುವಿಗೆ ತಂದು, ಹಳ್ಳ ತೋಡಿ, ಬೋರಲು ಮಲಗಿಸಿದ. ಮಕ್ಕಳ ಕಲ್ಲುಗಳಿಂದ ಅದು ದೂರವೂ ಅಲ್ಲ, ಅವುಗಳ ಮೇಲೆಯೂ ಅಲ್ಲ. ಅಲ್ಲಿಂದ ನೂರು ಮೀಟರ್ ಅಳೆದರೆ ಕೊನೆಯ ಗುಂಡುಕಲ್ಲೂ ಒಳಗೇ ಬರುತ್ತಿತ್ತು. ಮೇಲೆ ಹುಲ್ಲಿನ ಹೆಪ್ಪು ಹಾಸಿದ. ಕಡೆಯ ಮಳೆ ಅದನ್ನು ಹೊಲಿದುಬಿಟ್ಟಿತು.

ಇನ್ನು ಉಳಿದದ್ದು ಅದನ್ನು ಯಾರು ಕಾಣಬೇಕೆಂಬುದು. ಬಸ್ತಿಯವರು ಕಂಡರೆ ಬಸ್ತಿಯವರೇ ಇಟ್ಟರು ಎನ್ನುತ್ತಾರೆ. ಪುರಾತತ್ವದವರು ತಾವಾಗಿ ಕಂಡರೂ ಅನುಮಾನಕ್ಕೆ ಎಡೆಯುಂಟು. ಕಾಣಬೇಕಾದವರು ಕಂಪನಿಯವರು, ಅವರ ಯಂತ್ರದ ಹಲ್ಲೇ ಅದನ್ನು ಕಚ್ಚಿ ಎತ್ತಬೇಕು.

ಅದಕ್ಕೂ ದಾರಿ ತಾನಾಗಿ ಬಂತು. ತಪಾಸಣೆಗೆ ಬರುವವರ ಜೀಪು ಏರಲು ಕಂಪನಿ ಒಂದು ಹಾದಿ ಮಾಡಿಸಬೇಕಿತ್ತು. ಶ್ರೀಮಂತ ಪರಪ್ಪನ ಮನೆಯ ಬಾಗಿಲಿಗೆ ಬಂದ.

"ಕಾಕಾ, ನಿಂದೇನ್ ಬಿಡಪಾ, ಆ ಗುಡ್ಡದ ಹೊಟ್ಟ್ಯಾಗ ಎಲ್ಲಿ ಬಂಡಿಗಲ್ಲ ಐತಿ, ಎಲ್ಲಿ ಮಣ್ಣೈತಿ ಎಲ್ಲಾ ಗೊತ್ತು. ಜೆಸಿಬಿ ಯಾವ ಕಡಿಂದ ಏರಿಸ್ಲಿ?"

"ನಮ್ಮನ್ನ ಎಬ್ಬಸಾಕ ನಾನ ಹಾದಿ ತೋರಸ್ಬೇಕೇನೋ?"

"ಹಂಗಲ್ಲ ಕಾಕಾ. ನಾನೂ ಇಲ್ಲೇ ಆಡಿ ಬೆಳದಾಂವ. ನನಗೇನ್ ಖುಷಿ ಐತಿ? ನೌಕರಿ."

ಪರಪ್ಪ ಸಾಕಷ್ಟು ಹೊತ್ತು ಒಲ್ಲೆನೆಂದ. ಒಲ್ಲೆನೆಂದಷ್ಟೂ ಹೇಳುವ ಮಾತಿಗೆ ಬೆಲೆ ಬರುತ್ತದೆಂದು ಅವನು ಲೆಕ್ಕ ಹಾಕಿದ್ದ. ಕೊನೆಗೆ, ಆದದ್ದಾಗಲಿ ಎಂಬಂತೆ, ಬೇವಿನ ಮರದಿಂದ ನೇರವಾಗಿ ಮೇಲಕ್ಕೆ ಹೋಗಿ ಸಮತಟ್ಟಿನ ನಡುವೆ ಹಾಯಿರಿ, ಮಕ್ಕಳ ಕಲ್ಲು ಮುಟ್ಟಬೇಡಿರಿ ಎಂದು ಬೆರಳು ತೋರಿಸಿದ. ಶ್ರೀಮಂತ ಅವನ ಮೊಳಕಾಲು ಮುಟ್ಟಿ ಹೋದ.

ತಪಾಸಣೆಯ ದಿನ ಪರಪ್ಪ ವಡಾಲದಲ್ಲಿದ್ದ. ಬಂದರಿನ ಕಡೆಯ ಕಾಲೊನಿಯೊಂದರಲ್ಲಿ ಕಟ್ಟೆಗೆ ಸಿಂಕಿನ ತೂತು ಕೊರೆಯುತ್ತಿದ್ದ, ಮನೆಯವರೆಲ್ಲ ಎದುರಿಗಿದ್ದರು. ಅಷ್ಟರಲ್ಲಿ ದಾನವ್ವನ ಫೋನು ಬಂತು.

"ಕಲ್ಲ್ ಸಿಕ್ಕೈತಿ," ಎಂದಳು. ದನಿ ಮೆಲ್ಲಗಿತ್ತು. "ಜೀಪಿನ ಮುಂದ ಹಾದಿ ಕಡೀತಿದ್ದ ಅವ್ರದ ಜೆಸಿಬಿ ತಗೀತು. ದೇವರ ಕಲ್ಲಿನ ಗತೆ ಐತಿ. ಆ ಪುರಾತತ್ವದ ಹುಡುಗಿ ನೆಲಕ್ಕ ಕುಂತ ಬ್ರಶ್ ತಗೊಂಡ ಒರಸಾಕ ಹತ್ಯಾಳ. ನೀ ಲಗೂನ ಬಾ."

"ಕೆಲಸ ಐತಿ," ಎಂದ ಪರಪ್ಪ. ತೂತು ಪೂರ್ತಿ ಕೊರೆದು, ಅಂಚು ತಿಕ್ಕಿ, ನೀರು ಹೊಯ್ದು ನೋಡಿ, ಆಮೇಲೆ ಹೊರಟ.

ಅವನು ಮೇಲೇರಿದಾಗ ಬಿಸಿಲು ಇಳಿಯುತ್ತಿತ್ತು. ಹೆಂಗಸರು ಅದಾಗಲೇ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಲು ನೋಡಿ ಬೈಸಿಕೊಂಡಿದ್ದರು. ಬೈದವಳು ಸ್ನೇಹಲ್, ಪುರಾತತ್ವದ ತಜ್ಞೆ, ಮೂವತ್ತರ ಒಳಗಿನ ಹುಡುಗಿ. ಆಕೆ ಅವರಿಗೆ ಹೊಸಬಳಲ್ಲ. ಮಳೆಗಾಲದಲ್ಲಿಯೇ ಬಸ್ತಿಗೆ ಬಂದು ದಾನವ್ವನ ಪಕ್ಕ ಕುಳಿತು ಪಂಚಮಿಯ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದಳು. ಯಾವ ಕಲ್ಲು ಯಾರ ಮಗುವಿನದೆಂದು ಒಂದೊಂದನ್ನೂ ಕೇಳಿದ್ದಳು. ಆಗ ಪರಪ್ಪನಿಗೆ ಮರುಕವಾಗಿತ್ತು. ಹಾಡಿನಿಂದ ಗುಡ್ಡ ನಿಲ್ಲುವುದಾದರೆ ಲೋಕದಲ್ಲಿ ಯಾವ ಗುಡ್ಡವೂ ಬೀಳುತ್ತಿರಲಿಲ್ಲ.

ದಾನವ್ವ ಕಲ್ಲಿನ ಮುಂದೆ ಕುಳಿತಿದ್ದಳು. ಕರುವಿನ ಸವೆದ ಬೆನ್ನಿನ ಮೇಲೆ ಅಂಗೈ ಇಟ್ಟು ಗಂಡನ ಕಡೆಗೆ ನೋಡದೆಯೇ ಹೇಳಿದಳು:

"ಯಾವ ಕಾಲದಾಂವೋ ಏನೋ. ಇಂವಾನೂ ಮಗಳನ್ನ ಕಳಕೊಂಡಾಂವ ಇರಬೇಕು ನೋಡು."

ಪರಪ್ಪ ಅತ್ತ ತಿರುಗಿ ಕೆಮ್ಮಿದ. ಅವಳಿಗೆ ಗೊತ್ತಾಯಿತೇ? ಇಲ್ಲ, ಗೊತ್ತಾಗಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಗೊತ್ತಾಗಿದ್ದರೂ ಹಾಗೆಯೇ ಹೇಳುತ್ತಿದ್ದಳು. ಈ ಲೆಕ್ಕವೊಂದನ್ನು ಅವನು ಬಿಡಿಸದೆ ಬಿಟ್ಟ.

ಮುಂದಿನ ದಿನಗಳು ಅವನು ಎಣಿಸಿದಂತೆಯೇ ನಡೆದವು. ಇನ್ನಿಬ್ಬರು ಹಿರಿಯ ತಜ್ಞರು ಬಂದರು. ಕಲ್ಲು ಈ ಗುಡ್ಡದ್ದೇ ಎಂದರು. ಸವಕಳಿ ಬಹಳ, ಕಾಲ ನಿಖರವಾಗಿ ಹೇಳಲಾಗದು, ಏಳೆಂಟು ನೂರು ವರ್ಷಕ್ಕೆ ಕಡಿಮೆಯಿಲ್ಲ ಎಂದರು. ಬರೆಹವಿಲ್ಲದ್ದು ದುರ್ದೈವ ಎಂದು ಒಬ್ಬರು ನಿಟ್ಟುಸಿರಿಟ್ಟಾಗ ಪರಪ್ಪನಿಗೆ ನಗು ಬಂದಂತಾಯಿತು. ಕಂಪನಿಯೇ ತೆಗೆದ ವಿಡಿಯೋದಲ್ಲಿ ಕಲ್ಲು ಮಣ್ಣಿನಿಂದ ಏಳುವುದು ಸ್ಪಷ್ಟವಾಗಿತ್ತು. ಇಟ್ಟದ್ದು ಎಂದು ದೂರಲು ಕಂಪನಿಗೆ ಬಾಯಿ ಇರಲಿಲ್ಲ. ಅಕ್ಕಪಕ್ಕದಲ್ಲಿ ಅಲ್ಲಲ್ಲಿ ಅಗೆದು ನೋಡಿದರು, ಏನೂ ಸಿಗಲಿಲ್ಲ. ಸಿಗುವುದು ಅವನಿಗೂ ಬೇಕಿರಲಿಲ್ಲ. ಒಂದು ಸುಳ್ಳಿಗೆ ಒಂದು ಕಲ್ಲು ಸಾಕು.

ಶ್ರೀಮಂತ ಒಂದು ಮಧ್ಯಾಹ್ನ ಕಲ್ಲಿನ ಸುತ್ತ ಒಂದು ಸುತ್ತು ಹಾಕಿ ಪರಪ್ಪನ ಪಕ್ಕಕ್ಕೆ ಬಂದು ನಿಂತ.

"ಕಾಕಾ, ಎಂಟುನೂರು ವರ್ಷದ ಹಿಂದ ಇಲ್ಲಿ ಆಕಳಾ ಮೇಸತಿದ್ರಂತ. ಈಗ ನೋಡು, ಹಾಲು ಪಾಕೀಟಿನ್ಯಾಗ."

"ನಿಮ್ಮ ಸಾಹೇಬಗ ಸಿಟ್ಟು ಬಂದಿರಬೇಕಲ್ಲೋ."

"ಮೊದಲ ಬಂದಿತ್ತು. ಈಗ ಶಾಂತ ಆಗ್ಯಾನ. ವಕೀಲನ ಕೂಡ ಮಾತಾಡ್ಯಾನ." ಶ್ರೀಮಂತ ಬೂಟಿನ ಮಣ್ಣು ಕೊಡವಿಕೊಂಡ. "ನಮ್ಮ ಸಾಹೇಬ ತಾನ ಈಗ ಅರ್ಜಿ ಕೊಟ್ಟಾನ. ಹೆಂಗಸರದ್ದು ಬ್ಯಾರೆ, ಕಲ್ಲಿಂದು ಬ್ಯಾರೆ ಬ್ಯಾಡ, ಎರಡೂ ಕೂಡಿಸಿ ಒಂದ ತೀರ್ಪಿನ್ಯಾಗ ನಿಕಾಲ ಮಾಡ್ರಿ ಅಂತ. ನಿಮಗೂ ಒಳ್ಳೇದ ಆತಲಾ?"

ಸೋತವನು ಗೌರವದಿಂದ ಸೋಲುವ ಬಗೆ ಇದೆಂದು ಪರಪ್ಪ ತಿಳಿದ. ಹೆಂಗಸರ ಅರ್ಜಿಯೂ ಕಲ್ಲಿನ ಪ್ರಕರಣವೂ ಒಂದಾದದ್ದನ್ನು ತಿಳಿಸಲು ಸ್ನೇಹಲ್ ಮನೆಗೇ ಬಂದಳು. ದಾನವ್ವ ಕೊಟ್ಟ ಚಹಾ ಕುಡಿಯುತ್ತ, ತನ್ನ ಮರಾಠಿ ಬೆರೆತ ಹಿಂದಿಯಲ್ಲಿ, ನಿಧಾನವಾಗಿ ಹೇಳಿದಳು. ಅವಳು ಮಕ್ಕಳ ಸಮಾಧಿಗಳ ಬಗ್ಗೆಯೇ ಒಂದು ಟಿಪ್ಪಣಿ ಬರೆದು ಮುಗಿಸಿದ್ದಳಂತೆ. ಹಾಡು, ಹಬ್ಬ, ತಾಯಂದಿರು ಇರುವಲ್ಲಿ ವರ್ಷ ಎಣಿಸಬಾರದು. ಸಮಾಧಿಯನ್ನು ಅದರ ನೆಲದಿಂದ ಬೇರೆ ಮಾಡಲು ಬರುವುದಿಲ್ಲ, ಅದೇ ಅದರ ಬಲ ಎಂದು ವಾದಿಸಿದ್ದಳಂತೆ. ಮೇಲಿನವರು ಅದಕ್ಕೆ ತಲೆದೂಗಿಯೂ ಇದ್ದರಂತೆ.

"ಅಬ್ ಉಸ್ಕೀ ಜರೂರತ್ ನಹೀ, ಮಾವಶಿ," ಎಂದು ಅವಳು ದಾನವ್ವನ ಕೈ ಹಿಡಿದಳು. "ಪತ್ಥರ್ ಜ್ಯಾದಾ ಮಜಬೂತ್ ಹೈ."

ಇನ್ನು ಆ ಟಿಪ್ಪಣಿಯ ಅಗತ್ಯವಿಲ್ಲ, ಕಲ್ಲು ಹೆಚ್ಚು ಗಟ್ಟಿ. ಪರಪ್ಪ ಆ ಮಾತನ್ನು ಬಾಯಿಯಲ್ಲಿ ಸಕ್ಕರೆಯಂತೆ ಇಟ್ಟುಕೊಂಡ. ಆ ರಾತ್ರಿ ದಾನವ್ವ ಬಹಳ ವರ್ಷಗಳ ಮೇಲೆ ಮಗಳ ಹೆಸರು ಹಿಡಿದು ಮಾತಾಡಿದಳು. ಶೈಲಾಗೆ ಎಳ್ಳಿನ ಉಂಡಿ ಸೇರುತ್ತಿರಲಿಲ್ಲ, ಶೇಂಗಾದ್ದೇ ಬೇಕು. 'ನಾ ಮರತ ಎರಡೂ ಒಯ್ಯತಿದ್ನಿ ನೋಡು' ಎಂದು ನಕ್ಕಳು. ಬರುವ ಪಂಚಮಿಗೆ ಬರಿಯ ಶೇಂಗಾದ್ದು ಕಟ್ಟುವುದೆಂದು ನಿಶ್ಚಯವಾಯಿತು.

ಆದೇಶ ಓದುವ ದಿನ ಪರಪ್ಪ ಬಿಳಿಯ ಧೋತರ ಉಟ್ಟು ಹೋದ. ಸಭಾಗೃಹ ಅದೇ, ಅಧಿಕಾರಿ ಅವನೇ, ಕನ್ನಡಕ ತೆಗೆದು ಒರೆಸುವ ರೀತಿಯೂ ಅದೇ. ಸ್ನೇಹಲ್ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಈ ಕಡೆ ತಿರುಗಲಿಲ್ಲ. ಇಂಗ್ಲಿಷಿನಲ್ಲಿ ಓದಿದ್ದನ್ನು ಶ್ರೀಮಂತ ವಾಕ್ಯವಾಕ್ಯವಾಗಿ ಕನ್ನಡಕ್ಕೆ ತಿರುಗಿಸಿದ. ಈ ಸಲ ಒಂದು ಮಾತನ್ನೂ ಕಡಿಮೆ ಮಾಡಲಿಲ್ಲ. ಶಿಲೆ ಪುರಾತನವಾದದ್ದು, ಅಮೂಲ್ಯವಾದದ್ದು ಎಂದು ಸಮಿತಿ ಒಪ್ಪಿದೆ ಎಂಬಲ್ಲಿ ದಾನವ್ವ ಗಂಡನ ತೋಳು ಹಿಡಿದಳು.

ಶ್ರೀಮಂತ ಮುಂದುವರಿಸಿದ. ಸುತ್ತ ಅಗೆದಾಗ ಗೋಡೆಯಾಗಲಿ ಬುನಾದಿಯಾಗಲಿ ಸಿಕ್ಕಿಲ್ಲ. ಆದ್ದರಿಂದ ಈ ಬಿಡಿಶಿಲೆಯನ್ನು ಗೌರವದಿಂದ ಎತ್ತಿ ವಸ್ತುಸಂಗ್ರಹಾಲಯಕ್ಕೆ ಒಯ್ಯತಕ್ಕದ್ದು. ಅದು ತೆರವಾದ ದಿನದಿಂದ ಗುಡ್ಡಕ್ಕೆ ಯಾವ ಅಡ್ಡಿಯೂ ಉಳಿಯದು. ಹೆಂಗಸರ ಅರ್ಜಿ ಇದರಲ್ಲಿಯೇ ಸೇರಿದ್ದರಿಂದ ಇದರೊಂದಿಗೇ ಮುಗಿಯಿತು. ಓದು ಮುಗಿದ ಮೇಲೆ ಅವನು ಕೆಳಗಿಳಿದು ಬಂದು, ದನಿ ತಗ್ಗಿಸಿ, "ಕಾಕಾ, ಒಂದ ಚೂರೂ ಸಿಡೀಬಾರದಂತ. ನಿನ್ನ ಬಿಟ್ರ ಅದನ್ನ ಎತ್ತೂ ಕೈ ಯಾರಿಗೈತಿ?" ಎಂದ. ಪರಪ್ಪ ಬಾಯಿ ತೆರೆದ. ಕಲ್ಲು ಸುಳ್ಳೆಂದು ಹೇಳಿದರೆ ಗುಡ್ಡದ ಮೇಲೆ ಏನೂ ಇಲ್ಲವೆಂದಾಗುತ್ತದೆ. ಹೇಳದಿದ್ದರೆ ಇದ್ದದ್ದು ಹೊರಟುಹೋಗುತ್ತದೆ. ಯಾವ ಕಡೆಯಿಂದ ಕಳೆದರೂ ಶೇಷ ಒಂದೇ. ದಾನವ್ವ ಇನ್ನೂ ಅವನ ತೋಳು ಹಿಡಿದೇ ಇದ್ದಳು, ಈಗ ಅವನು ಏನಾದರೂ ಹೇಳಲಿ ಎಂಬಂತೆ. ಬಣ್ಣ ನೋಡಿದ್ದ, ಪದರ ನೋಡಿದ್ದ, ಸವಕಳಿ ನೋಡಿದ್ದ, ಯಾರ ಕಣ್ಣಿಗೆ ಮೊದಲು ಬೀಳಬೇಕೆಂಬುದನ್ನೂ ನೋಡಿದ್ದ. ದುಡಿವ ವಯಸ್ಸನ್ನೆಲ್ಲ ಆ ಗುಡ್ಡದಿಂದ ಕಲ್ಲು ಎತ್ತಿ ಲಾರಿ ತುಂಬುವುದರಲ್ಲಿ ಕಳೆದವನು ಒಂದನ್ನು ಮಾತ್ರ ನೋಡಿರಲಿಲ್ಲ: ಒಬ್ಬ ಮುದುಕ ಒಂಟಿಯಾಗಿ ತಂದು ಮಲಗಿಸಿದ ಕಲ್ಲನ್ನು ನಾಲ್ಕು ಜನ ಎತ್ತಿಕೊಂಡು ಹೋಗಬಲ್ಲರು.